ಪದ್ದತ್ತೆಯ ಹೆಸರಲ್ಲೊಂದು ಮುಳುಗು

ಗುಯ್ಲಿನ್‌ನಿಂದ ಅಮೆರಿಕದ ಫಾಸ್ಟರ್ ಸಿಟಿಯ ಮನೆಗೆ ವಾಪಸು ಬಂದ ಮೇಲೂ ಚೀನಾದ ಆ ಸುಣ್ಣಕಲ್ಲಿನ ಬೆಟ್ಟಗಳು ಮೇದಿನಿಯ ಕಣ್ಣ ಮುಂದಿಂದ ಸರಿಯಲಿಲ್ಲ. ನದಿಯ ಎರಡೂ ದಡಗಳಲ್ಲಿ ಸಾಲಾಗಿ ನಿಂತು ತನ್ನನ್ನೇ ನೋಡುತ್ತಿದ್ದ ಹಾಗಿತ್ತು.

ಅಲ್ಲಿ ದೋಣಿ ಹತ್ತುವ ಮುಂಚೆಯೇ ಮೈಸೂರಿನಿಂದ ಅವಳ ಫೋನಿಗೆ ಮೆಸೇಜು ಬಂದಿತ್ತು: ಪದ್ದತ್ತೆ ಹೋಗಿಬಿಟ್ಟರು. ಅವಳ ಗಂಡ ವ್ಯಾಸರಾಜನನ್ನು ಎತ್ತಿ ಆಡಿಸಿ ಬೆಳೆಸಿದ ಸೋದರತ್ತೆ. ಹೇಳಿದರೆ ಅವನು ತಲೆಗೆ ಸ್ನಾನ ಮಾಡಿ, ಸೂತಕವೆಂದು ಪ್ರವಾಸವನ್ನು ಅಲ್ಲಿಗೇ ಮುಗಿಸಿಬಿಡುತ್ತಿದ್ದ. ಅಮೆರಿಕದಲ್ಲಿ ರಜೆಯೇನು ಮರದಿಂದ ಉದುರುತ್ತದೆಯೇ? ಮನೆಗೆ ಹೋದ ಮೇಲೆ ಹೇಳಿದರಾಯಿತು ಎಂದಿತು ಅವಳ ಹಾಳು ಬುದ್ಧಿ.

ಅಷ್ಟರಲ್ಲಿ ಅವನು ಶರ್ಟು ಬಿಚ್ಚಿಟ್ಟು ನೀರಿಗಿಳಿದಿದ್ದ. ಯಾವ ನದಿ ಕಂಡರೂ ತನ್ನ ಹೆಸರಲ್ಲೊಂದು ಮುಳುಗು ಹಾಕೆಂದು ಅತ್ತೆ ಹೇಳಿ ಕಳಿಸಿದ್ದರು. "ಗಂಗಮ್ಮ, ನಮ್ಮ ಪದ್ದತ್ತೆಗೆ ನೂರು ವರ್ಷ ಆಯಸ್ಸು ಕೊಡು" ಎನ್ನುತ್ತಾ ಮುಳುಗಿದ. ಮೇದಿನಿ ವಿಡಿಯೊ ಮಾಡುತ್ತಿದ್ದಳು.

ಮನೆಗೆ ಬಂದ ಮರುದಿನ ಬಾಯಿಬಿಟ್ಟಳು. "ಈಗಷ್ಟೇ ಮೆಸೇಜು ಬಂತು, ವ್ಯಾಸು."

ಅವನು ಸ್ನಾನ ಮಾಡಿ ಬಂದು, ಒದ್ದೆ ತಲೆಯಲ್ಲೇ ಕೂತು ಆ ವಿಡಿಯೊ ಹಾಕಿದ. ಅವನ ಪ್ರಾರ್ಥನೆಯ ಬೆನ್ನಿಗೇ ಅವಳ ದನಿ ಕೇಳಿಸಿತು: "ತಲೆ ನೆನೀಲೇ ಇಲ್ಲ. ತಲೆ ಪೂರ್ತಿ ನೆನೀಬೇಕು, ಇನ್ನೊಂದ್ಸಲ ಮುಳುಗು."

ಅವನು ಫೋನು ಕೆಳಗಿಟ್ಟು ಅವಳ ಕಡೆ ತಿರುಗಿದ.

"ಮಡಿ ಮೈಲಿಗೆ ಅಂದ್ರೆ ನಗೋಳು ನೀನು. ಅವತ್ತೇ ಗೊತ್ತಿತ್ತಾ?"