ಸಮಿತಿಯ ಮುಂದೆ ಸನೆಲಾಳ ದವಡೆ

"ಈ ಹುಡುಗಿಗೆ ಏನೂ ಆಗಿಲ್ವಲ್ಲ. ಹಲ್ಲಿಗೆ ಹಲ್ಲು ಸರಿಯಾಗೇ ಕೂತಿದೆ," ಎಂದ ಸಮಿತಿಯ ಮುಖ್ಯಸ್ಥ ಡಾಕ್ಟರ್ ವುಕಿಚೆವಿಚ್, ಸನೆಲಾಳ ಬಾಯಿಂದ ಕನ್ನಡಿ ತೆಗೆಯುತ್ತ.

ವ್ರಾನ್ಯೆ ಊರಿನ ರೋಮಾ ಜಿಪ್ಸಿಗಳ ಕೇರಿಯಿಂದ ಸನೆಲಾಳೂ ಅವಳ ಅವ್ವ ನಜ್ಮಿಯಾಳೂ ಮುಂಜಾನೆಯ ಬಸ್ಸು ಹತ್ತಿ ಬಂದಿದ್ದರು. ಊರಿನ ಹಲ್ಲಿನ ಡಾಕ್ಟರಮ್ಮ ಸ್ಪಷ್ಟವಾಗಿ ಹೇಳಿದ್ದಳು: ಕೆಳದವಡೆ ಹಿಂದೆ ಉಳಿದಿದೆ, ಮೇಲಿನ, ಕೆಳಗಿನ ಹಲ್ಲುಗಳಿಗೆ ಉಕ್ಕಿನ ಸರಳು ಕೂಡಿಸಿ ಅದನ್ನು ಮುಂದಕ್ಕೆ ತರಬೇಕು, ಅದೂ ಮೈ ಬೆಳೆಯುತ್ತಿರುವಾಗಲೇ. ಆ ಕಾಲ ಮುಗಿಯುತ್ತ ಬಂದಿದೆ ಎಂದು ಎಲುಬಿನ ಬೆಳವಣಿಗೆ ತೋರಿಸುವ ಮಣಿಕಟ್ಟಿನ ಎಕ್ಸ್‌ರೇ ಹೇಳುತ್ತಿತ್ತು. ಆಮೇಲೆ ಎಲುಬು ಕೊಯ್ಯುವುದೊಂದೇ ದಾರಿ. ಸರ್ಕಾರದ ವಿಮೆಯಲ್ಲಿ ಸರಳು ಸಿಗಬೇಕಾದರೆ ಸಮಿತಿಯ ಈ ಮೂವರು ಡಾಕ್ಟರೂ ಹೂಂ ಅನ್ನಬೇಕು.

"ಇನ್ನೊಂದ್ಸಲ ನೋಡಿ, ಸ್ವಾಮಿ," ಎಂದಳು ನಜ್ಮಿಯಾ.

"ನೋಡಿದ್ದಾಯ್ತಮ್ಮ. ಪುಕ್ಕಟೆ ಅಂದ್ರೆ ನಿಮ್ಮೋರಿಗೆ ಬಾಯಿಗೂ ಕಬ್ಬಿಣ ಬೇಕು."

"ಗುಜರಿಗೆ ಹಾಕೋಕಿರ್ಬೇಕು," ಎಂದು ಪಕ್ಕದ ಡಾಕ್ಟರು ಕಿಸಕ್ಕೆಂದ.

"ನಮ್ಮೋರು ಗುಜರಿ ಆಯೋದ್ರಿಂದ್ಲೇ ನಿಮ್ಮ ಬೀದಿ ಚೊಕ್ಕಟವಾಗಿರೋದು. ಈಗ ಹಲ್ಲಿನ ಮಾತಾಡಿ," ಎಂದಳು ನಜ್ಮಿಯಾ.

ವುಕಿಚೆವಿಚ್ ನರ್ಸಿನತ್ತ ತಿರುಗಿದ. "ಮುಂದಿನೋರನ್ನ ಕರಿ."

ನಜ್ಮಿಯಾ ಮಗಳ ಕಿವಿಗೆ ಬಗ್ಗಿ ತಮ್ಮ ಕೇರಿಯ ಮಾತಿನಲ್ಲಿ ಕೇಳಿದಳು: "ದವಡೆ ಮುಂದೆ ಹಿಡಿದಿದೀಯೇನೇ?"

ಹೌದಲ್ಲ! ಮಾವನ ಬ್ಯಾಂಡಿನಲ್ಲಿ ಸನೆಲಾ ತುತ್ತೂರಿ ಊದುತ್ತಿದ್ದಳು. ದವಡೆ ಹಿಂದಿದ್ದರೆ ತುಟಿ ತುತ್ತೂರಿಗೆ ಕೂರುವುದಿಲ್ಲವೆಂದು ಅವಳು ಸಣ್ಣವಳಿದ್ದಾಗಿಂದಲೂ ಮಾವ ಅದನ್ನು ಮುಂದೆ ತಳ್ಳಲು ಕಲಿಸಿದ್ದ. ಶಾಲೆಯಲ್ಲಿ 'ಇಲಿಮೂತಿ' ಎಂದು ಕೂಗತೊಡಗಿದ ಮೇಲಂತೂ ಹೊರಗಿನವರ ಕಣ್ಣು ಬಿದ್ದೊಡನೆ ದವಡೆ ತಾನಾಗಿಯೇ ಮುಂದೆ ಬರುತ್ತಿತ್ತು. ಈಗಲೂ ಬಂದು ನಿಂತಿತ್ತು, ಅವಳಿಗೇ ಗೊತ್ತಾಗಿರಲಿಲ್ಲ.

"ಬಿಟ್ಬಿಡೇ."

"ಇವ್ರ ಮುಂದೆನಾ, ಅವ್ವ?"

"ನಗೋರು ಆಗ್ಲೇ ನಕ್ಕಾಯ್ತು. ಬಿಡು."

ನರ್ಸು ಬಾಗಿಲು ತೆರೆದಳು. ಹೊರಗಿನ ಬೆಂಚಿನವರೆಲ್ಲ ಒಳಕ್ಕೆ ಇಣುಕಿದರು. ಸನೆಲಾ ಕುರ್ಚಿಯ ಕೈ ಬಿಗಿಯಾಗಿ ಹಿಡಿದು ದವಡೆಯನ್ನು ಸಡಿಲಬಿಟ್ಟಳು. ಅದು ಹಿಂದೆ ಸರಿಯಿತು. ಕೆಳತುಟಿ ಮೇಲಿನ ಹಲ್ಲುಗಳಡಿ ಸಿಕ್ಕಿಕೊಂಡಿತು.

"ಈಗ ನೋಡಿ," ಎಂದಳು ತೊದಲುತ್ತ.

ಅಲ್ಲಿಯವರೆಗೆ ಸುಮ್ಮನಿದ್ದ ಮೂರನೆಯ ಡಾಕ್ಟರು, ಒಬ್ಬ ವಯಸ್ಸಾದ ಹೆಂಗಸು, ಎದ್ದು ಬಂದಳು. "ನಾಲಿಗೆ ತುದಿ ಮೇಲಕ್ಕೆ ಮಡಚು, ಮಗು, ಆಗ ದವಡೆ ತನ್ನ ಜಾಗಕ್ಕೆ ಹೋಗುತ್ತೆ. ಮೆಲ್ಲಗೆ ಕಚ್ಚು." ಬಗ್ಗಿ ನೋಡಿದಳು. "ಮೇಲಿನ, ಕೆಳಗಿನ ಹಲ್ಲುಗಳ ಮಧ್ಯೆ ಬೆರಳು ತೂರುತ್ತೆ, ವುಕಿಚೆವಿಚ್. ನನ್ನದು ಒಪ್ಪಿಗೆ."

ಗುಜರಿಯ ಮಾತಾಡಿದವನು ನೆಲ ನೋಡುತ್ತ ತಾನೂ ಒಪ್ಪಿದೆನೆಂದು ಕೈಯೆತ್ತಿದ.

"ಇದನ್ನ ಮೊದ್ಲೇ ತೋರಿಸ್ಬೇಕಿತ್ತು," ಎಂದ ವುಕಿಚೆವಿಚ್.

"ನೋಡೋ ಕೆಲಸ ನಿಮ್ದಲ್ವಾ?" ಎಂದಳು ಸನೆಲಾ.

ಸಹಿಗೆಂದು ಎತ್ತಿದ್ದ ವುಕಿಚೆವಿಚ್‌ನ ಪೆನ್ನು ಅಲ್ಲೇ ನಿಂತಿತು. "ಏನಂದೆ?"

ಅವ್ವನ ಬೆರಳುಗಳು ಭುಜವನ್ನು ಒತ್ತಿದವು. ಒಂದು ಮಾತಿಗೆ ಎಲ್ಲ ಮುರಿದುಬೀಳಬಹುದಿತ್ತು. ದವಡೆ ಮುಂದಕ್ಕೆ ಓಡಿಬರಲು ಹವಣಿಸುತ್ತಿತ್ತು, ಸನೆಲಾ ಬಿಡಲಿಲ್ಲ. ಅದೇ ಮುಖವನ್ನು ಅವನತ್ತ ಎತ್ತಿ ಹಿಡಿದಳು.

"ನೋಡೋ ಕೆಲಸ ನಿಮ್ದು ಅಂದೆ. ಸರಳು ಯಾವತ್ತು ಹಾಕ್ತೀರಿ?"

ವುಕಿಚೆವಿಚ್ ಸಹಿ ಹಾಕಿದ. ತಲೆಯೆತ್ತದೆಯೇ ಹೇಳಿದ: "ಗುರುವಾರ."