'ಯಾರೂ ಇಲ್ಲ' ಎಂದು ಬರೆದ ಅನಂತರಾಮಯ್ಯನವರು

ಅನಂತರಾಮಯ್ಯನವರು ಎದುರಿನವರ ಅಪ್ಪಣೆಯಿಲ್ಲದೆ ಒಂದಕ್ಷರವನ್ನೂ ಬರೆದವರಲ್ಲ. ಯಾರು ಏನು ಹೇಳಿದರೂ ಜೇಬಿನಿಂದ ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಕತ್ತನ್ನು ಕೊಂಚ ಓರೆ ಮಾಡಿ "ಬರ್ಕೊಳ್ಳಲಾ?" ಎಂದು ಕೇಳುವರು, ಹೂಂ ಎಂದ ಮೇಲೆಯೇ ಪೆನ್ನು ಕಾಗದವನ್ನು ತಾಕುವುದು. ಹೆಂಡತಿ ಪಂಕಜಮ್ಮನವರು ಸಂತೆಯಿಂದ ಬದನೆಕಾಯಿ ತರಲು ಹೇಳಿದರೂ ಇದೇ ಪ್ರಶ್ನೆ. "ಬದನೆಕಾಯಿಗೂ ರುಜು ಬೇಕೇನ್ರಿ ನಿಮಗೆ?" ಎಂದು ಆಕೆ ಸಿಡುಕುವುದನ್ನು ಚಿಂತಾಮಣಿಯ ಅವರ ಮನೆಯ ಪಡಸಾಲೆಯಲ್ಲಿ ಕಾಫಿ ಕುಡಿಯುತ್ತಾ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಗೆಲ್ಲ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದ ಮೇಲೆ, ಕೆರೆಗಳ ಹೂಳೆತ್ತಿ ತೂಬು ರಿಪೇರಿ ಮಾಡಿಸುವ ಯೋಜನೆಯೊಂದಕ್ಕೆ ಅವರು ಸಂಘಟಕರಾಗಿ ಸೇರಿಕೊಂಡರು. ಯೋಜನೆಯ ಹಣ, ಸರ್ಕಾರ ಹೊರದೇಶದ ಬ್ಯಾಂಕೊಂದರಿಂದ ತಂದ ಸಾಲ. ಏಪ್ರಿಲ್ ಬಿಸಿಲಿನಲ್ಲೂ ಬಿಚ್ಚದ ಬೂದುಬಣ್ಣದ ಕೋಟು ತೊಟ್ಟು, ಎಲ್ಲಿ ಯಾರ ಪೈರು ತುಳಿದೇನೋ ಎಂಬ ಅಂಜಿಕೆಯಲ್ಲಿ ನೆಲವನ್ನೇ ನೋಡುತ್ತಾ, ಚಿಕ್ಕ ಚಿಕ್ಕ ಹೆಜ್ಜೆಯಿಡುತ್ತಾ ಅವರು ಹಳ್ಳಿಹಳ್ಳಿ ತಿರುಗಿದರು. ನಾವೆಲ್ಲ ಏಕವಚನ ಬಳಸುವ ಕಡೆಯಲ್ಲಿ ಅವರದು ಬಹುವಚನ. ಕುರಿ ಕಾಯುವವನಿಗೂ 'ನೀವು'. "ಅಯ್ನೋರು ನೀವು ಅಂದ್ರೆ ಹಿಂದ್ಗಡೆ ಯಾರೋ ನಿಂತವ್ರೇನೋ ಅಂತ ತಿರುಗಿ ನೋಡ್ತೀನಿ" ಎಂದು ಒಬ್ಬ ನನ್ನ ಹತ್ತಿರ ಹೇಳಿಕೊಂಡಿದ್ದ.

ಸಾಲ ಕೊಟ್ಟವರನ್ನು ಬೈಯುವುದು ನಮ್ಮಲ್ಲಿ ಬಲು ಸುಲಭದ ಚಟ. ನಾನೂ ಸಾಕಷ್ಟು ಬೈದಿದ್ದೇನೆ. ಆದರೂ ನ್ಯಾಯ ಹೇಳಬೇಕಾದರೆ, ಅವರ ಷರತ್ತುಗಳಲ್ಲಿ ಒಂದಂತೂ ಧರ್ಮಕ್ಕೆ ಸಮೀಪವಾಗಿತ್ತು. ಯೋಜನೆಯಿಂದ ಯಾರ ಬದುಕು ಕೆಡುತ್ತದೆಯೋ ಅವರ ಹೆಸರನ್ನು ಕೆಲಸ ಶುರುವಾಗುವ ಮೊದಲೇ ಬರೆಯಬೇಕು, ಪಟ್ಟಿಗೆ ಸೇರಿದವರಿಗೆ ಬೇರೊಂದು ಜೀವನೋಪಾಯ ಕಟ್ಟಿಕೊಡಬೇಕು. ಪಟ್ಟಿಯ ತಲೆಬರಹ 'ನಷ್ಟಕ್ಕೊಳಗಾಗುವವರು'. ಅದನ್ನು ತುಂಬುವ ಕೆಲಸ ಅನಂತರಾಮಯ್ಯನವರದಾಗಿತ್ತು.

ಕೈವಾರದಾಚೆಯ ಒಂದು ಹಳ್ಳಿಯಲ್ಲಿ ಆ ಪಟ್ಟಿಗೆ ಸೇರಬೇಕಾದದ್ದು ಒಂದೇ ಹೆಸರು, ನೀರಗಂಟಿ ಆವಲಪ್ಪನದು. ತೂಬು ತೆಗೆದು ಗದ್ದೆಗದ್ದೆಗೆ ಸರದಿಯಂತೆ ನೀರು ಹಾಯಿಸುವುದು ಅವನ ವಂಶದ ಕೆಲಸ. ಸುಗ್ಗಿಯಲ್ಲಿ ಕಣಕ್ಕೊಂದು ಮೊರ ಭತ್ತ ಅವನ ಪಾಲು. ತನ್ನದೆಂದು ಅಂಗೈಯಗಲ ನೆಲವಿಲ್ಲ. ಹೊಸ ಏರ್ಪಾಟಿನಲ್ಲಿ ತೂಬಿನ ಅಧಿಕಾರ ಜಮೀನುಳ್ಳವರ ಸಂಘಕ್ಕೆ ಹೋಗುವುದಿತ್ತು. ಇವನ ಅನ್ನಕ್ಕೆ ಕಲ್ಲು ಬೀಳುವುದು ಖಂಡಿತವೆಂದು ಅರಿತ ಅನಂತರಾಮಯ್ಯನವರು ಏರಿ ಹತ್ತಿ, ಎಲ್ಲವನ್ನೂ ಬಿಡಿಸಿ ಹೇಳಿ, ಪೆನ್ನು ತೆಗೆದು ತಮ್ಮ ಎಂದಿನ ಪ್ರಶ್ನೆ ಕೇಳಿದರು. ಆದರೆ ಆ ಊರಲ್ಲಿ ಒಂದು ಕಟ್ಟುಪಾಡಿತ್ತು: ಕೆರೆ ಏರಿಯ ಮೇಲೆ ನೀರಗಂಟಿಯ ಹೆಸರಿನ ಜೊತೆಗೆ 'ಇಲ್ಲ', 'ಸಾಲದು', 'ನಷ್ಟ' ಎಂಬ ಮಾತು ಸೇರಬಾರದು, ಸೇರಿದರೆ ಕೆರೆ ಮುನಿಯುತ್ತದೆ.

"ಬ್ಯಾಡ ಸಾಮಿ," ಎಂದನಂತೆ ಆವಲಪ್ಪ. "ನಷ್ಟದೋರ ಪಟ್ಟೀಲಿ ನನ್ನೆಸ್ರು ಬಂದ್ರೆ ನಾಳೆ ಯಾವ ಮಕ ಇಟ್ಕಂಡು ತೂಬು ಮುಟ್ಲಿ?"

ಬೇರೆ ಯಾರಾದರೂ ಆಗಿದ್ದರೆ ಅಲ್ಲಿ ಹೂಂ ಎಂದು ತಲೆಯಾಡಿಸಿ, ಮನೆಗೆ ಬಂದು ಬರೆದುಬಿಡುತ್ತಿದ್ದರು. ಇವರಿಂದ ಅದಾಗಲಿಲ್ಲ. ಆ ಮನುಷ್ಯನ ಮರ್ಯಾದೆಗೆ ಮನಸ್ಸಿನಲ್ಲೇ ಕೈಮುಗಿದು, ಪಟ್ಟಿಯಲ್ಲಿ ತಮ್ಮ ದುಂಡಕ್ಷರದಿಂದ 'ಯಾರೂ ಇಲ್ಲ' ಎಂದು ಬರೆದು ರುಜು ಹಾಕಿದರು.

ತೂಬಿಗೆ ಕಬ್ಬಿಣದ ಚಕ್ರ ಬಂತು, ಚಕ್ರಕ್ಕೆ ಬೀಗ ಬಂತು, ಬೀಗದ ಕೈ ಸಂಘದ ಅಧ್ಯಕ್ಷ ಚೆನ್ನರಾಯಪ್ಪನ ಉಡಿದಾರಕ್ಕೆ ಸೇರಿತು. "ನೀರು ಬಿಡೋದು ಸಂಘ, ಇನ್ನ ಅವನಿಗ್ಯಾಕೆ ಭತ್ತ?" ಎಂದು ಒಬ್ಬರು ಅಂದದ್ದೇ ತಡ, ಎರಡು ಸುಗ್ಗಿ ಕಳೆಯುವಷ್ಟರಲ್ಲಿ ಎಲ್ಲ ಕಣಗಳಲ್ಲೂ ಅವನ ಪಾಲು ನಿಂತುಹೋಯಿತು. ಮೂರನೆಯ ವರ್ಷ ಅನಂತರಾಮಯ್ಯನವರಿಗೆ ಅವನು ಸಿಕ್ಕಿದ್ದು ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ, ಅರವತ್ತು ದಾಟಿದ ಬೆನ್ನಿನ ಮೇಲೆ ಕ್ರೇಟು ಹೊರುತ್ತಾ. ಇವರ ಕಣ್ಣಲ್ಲಿ ನೀರು ಕಂಡು "ಪೋನೀಲೆ ಸಾಮಿ, ಹೋಗ್ಲಿ ಬಿಡಿ" ಎಂದು ಅವನೇ ಸಮಾಧಾನ ಹೇಳಿದನಂತೆ. ಆ ದಿನ ಇವರು ಊಟಕ್ಕೆ ಏಳಲಿಲ್ಲವೆಂದು ಪಂಕಜಮ್ಮನವರು ನನ್ನೊಡನೆ ಹೇಳಿ ಕಣ್ಣೊರೆಸಿಕೊಂಡರು.

ಆಮೇಲೆ ಆ ಒಂದು ಹೆಸರನ್ನು ಸೇರಿಸಲು ಚಿಕ್ಕಬಳ್ಳಾಪುರದ ಕಚೇರಿಗೆ ತಿರುಗಿದ್ದೇ ತಿರುಗಿದ್ದು. ಅಲ್ಲಿಯ ಅಧಿಕಾರಿ ಹಳೆಯ ಪಟ್ಟಿಯನ್ನು ಇವರ ಕಡೆ ತಿರುಗಿಸಿ "ಸೈನು ನಿಮ್ದೇ ಅಲ್ವಾ ಸಾರ್?" ಎಂದ. ಉಳಿದದ್ದು ಒಂದೇ ದಾರಿ. ಯೋಜನೆ ಮುಗಿಯುವ ಮುನ್ನ ಬ್ಯಾಂಕಿನ ತಂಡ ಹಳ್ಳಿಗೆ ಬರುವುದಿತ್ತು. ಸಭೆಯಲ್ಲಿ ಅವರ ಮುಂದೆ ದೂರು ಹೇಳಿದರೆ ಪಟ್ಟಿಯನ್ನು ಮತ್ತೆ ತೆರೆಯಲೇಬೇಕು.

ಧೈರ್ಯಕ್ಕಿರಲೆಂದು ನನ್ನನ್ನೂ ಕರೆದೊಯ್ದರು. ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ತಂಡದ ಮುಖ್ಯಸ್ಥೆ, ನಡುವಯಸ್ಸಿನ ವಿದೇಶಿ ಹೆಂಗಸು, ನಿಜವಾದ ಕಾಳಜಿಯಿಂದಲೇ ಕೇಳಿದಳು, ದುಭಾಷಿ ಅದನ್ನು ಕನ್ನಡಕ್ಕೆ ತಂದಳು: "ಈ ಕೆಲಸದಿಂದ ಯಾರಿಗಾದ್ರೂ ತೊಂದ್ರೆ ಆಗಿದ್ಯಾ? ಸಂಕೋಚ ಪಡದೆ ಹೇಳಿ."

ಅನಂತರಾಮಯ್ಯನವರು ಎದ್ದು ನಿಂತರು. ಇನ್ನೇನು ಹೇಳಿಯೇಬಿಡುತ್ತಾರೆ ಎನ್ನುವಾಗ, ಹಾಳು ಸೌಜನ್ಯ, ಕೊನೆಯ ಸಾಲಿನಲ್ಲಿ ಒಗೆದ ಅಂಗಿ ತೊಟ್ಟು ಕುಳಿತಿದ್ದ ಆವಲಪ್ಪನ ಕಡೆ ತಿರುಗಿ ಕೇಳಿದರು: "ಹೇಳಲಾ ಆವಲಪ್ಪನವರೇ?"

ಸುತ್ತ ಊರಿನ ಹೊಲದೊಡೆಯರೆಲ್ಲ ಕುಳಿತಿದ್ದಾರೆ. ಮುಂದೆ ದೂರದಿಂದ ಬಂದ ಅತಿಥಿಗಳು. ಕೂಗಳತೆಯಲ್ಲಿ ಕೆರೆಯ ಏರಿ. ಆ ಬಡಪಾಯಿ ಏನು ಹೇಳಬೇಕಿತ್ತು? ಎದ್ದು, ಹೆಗಲ ಟವಲನ್ನು ಕಂಕುಳಿಗೆ ಸೇರಿಸಿ, "ನಂಗೇನೂ ತೊಂದ್ರೆ ಇಲ್ಲ ಸಾಮಿ. ಕೆರೆ ಚೆನ್ನಾಗೈತೆ" ಎಂದ. ಮೊದಲು ಚಪ್ಪಾಳೆ ತಟ್ಟಿದವನು ಚೆನ್ನರಾಯಪ್ಪ. ಅನಂತರಾಮಯ್ಯನವರು ಮೆಲ್ಲಗೆ ಕುಳಿತರು.

ಬಸ್ಸಿನಲ್ಲಿ ನಾನು ಹಿಂದುಮುಂದು ನೋಡದೆ ಬೈದೆ. "ಅದು ಕೇಳೋ ಹೊತ್ತೇನ್ರಿ? ಹೇಳೋ ಹೊತ್ತಲ್ವಾ?"

"ಹೆಸರು ಅವರದು ಕಣಯ್ಯ," ಎಂದರು, ಕಿಟಕಿಯ ಕಡೆ ಮುಖ ಮಾಡಿ. "ನಾನು ಹ್ಯಾಗೆ ಎತ್ತಲಿ?"

ಆ ತಿಂಗಳೇ ಯೋಜನೆ ಮುಗಿಯಿತು. ಈಗಲೂ ಅವರು ವಾರಕ್ಕೊಮ್ಮೆ ಮಂಡಿಯ ಕಡೆ ಹೋಗುತ್ತಾರೆ. ಆವಲಪ್ಪ ಸಿಕ್ಕರೆ ಇಬ್ಬರೂ ಗಾಡಿಯಂಗಡಿಯಲ್ಲಿ ಟೀ ಕುಡಿಯುತ್ತಾರೆ. ಕೆರೆಯ ಮಾತನ್ನು ಇಬ್ಬರೂ ಎತ್ತುವುದಿಲ್ಲವಂತೆ.

ಸಜ್ಜನರಲ್ಲಿ ಇದೊಂದು ಬಗೆ. ಕೊಡುವ ದೊಡ್ಡವರಿಗೂ ಪಡೆಯುವ ಬಡವರಿಗೂ ನಡುವೆ ಇಂಥವರೇ ನಿಂತಿರುತ್ತಾರೆ. ಅವರ ಕೈ ಶುದ್ಧ, ಮಾತು ಮೃದು, ಮನಸ್ಸು ಬೆಣ್ಣೆ. ಆದರೆ ನೊಂದವನ ಸಂಕಟವನ್ನು ಹೇಳಲು ಅವನಿಂದಲೇ ಅಪ್ಪಣೆ ಬೇಡುತ್ತಾ, ಹೊರಲಾರದ ಹೊರೆಯನ್ನು ಮತ್ತೆ ಅವನ ತಲೆಗೇ ಏರಿಸಿ ಬರುತ್ತಾರೆ, ಅದನ್ನು ಮರ್ಯಾದೆಯೆಂದು ನಂಬುತ್ತಾರೆ. ಇಂಥವರ ಮೇಲೆ ನನಗೆ ಸಿಟ್ಟಿದೆ. ಆದರೆ ಅದನ್ನು ಆಡುವ ಯೋಗ್ಯತೆ ನನಗಿಲ್ಲ. ಅವರಾದರೂ ಎದ್ದು ನಿಂತರು. ದುಭಾಷಿಯ ಹಂಗಿಲ್ಲದೆ ಆ ಹೆಂಗಸಿಗೆ ನೇರವಾಗಿ ಇಂಗ್ಲಿಷಿನಲ್ಲೇ ಹೇಳಬಹುದಾಗಿದ್ದ ನಾನು, ಪಕ್ಕದ ಕುರ್ಚಿಯಲ್ಲಿ ಎಳನೀರು ಕುಡಿಯುತ್ತಾ ಕುಳಿತಿದ್ದೆ.