ದುಡಿಯದ ಎತ್ತಿನ ಕಾಲೆಲುಬು

ನಾನು ಒಂದು ಎಲುಬು. ಎತ್ತಿನ ಮುಂಗಾಲಲ್ಲಿ, ಗೊರಸಿನ ಮೇಲೆ ಇರ್ತದಲ್ಲ, ಅದು. ನಾಲ್ಕು ಸಾವಿರ ವರ್ಷದ ಹಿಂದೆ, ಬಳ್ಳಾರಿ ಕಡೆ ಒಂದು ಗುಡ್ಡದ ಬುಡದ ದೊಡ್ಡಿಯಲ್ಲಿ ಹುಟ್ಟಿದೆ. ಅವಳಿ. ಅಣ್ಣ ಅರ್ಧ ಗಳಿಗೆ ಮುಂಚೆ ಬಂದ.

ನಮ್ಮನ್ನ ಸಾಕಿದ್ದು ಒಬ್ಬ ಮುದುಕಿ. ಆಕೆ ಹೆಸರು ಈಗಿನವರ ನಾಲಿಗೆಗೆ ಹೊರಳಲ್ಲ, ಬಿಡಿ. ಬೆಳೆದ ಮೇಲೆ ಇಬ್ಬರನ್ನೂ ಜೋಡಿ ಕಟ್ಟಿ ಬಂಡೆ ಎಳೆಸ್ತಿದ್ದಳು. ಒಂಬತ್ತನೇ ದಿನಕ್ಕೆ ನಂಗೆ ಸಾಕಾಯ್ತು. ಕುಂಟಿದೆ. ಏನೂ ಆಗಿರಲಿಲ್ಲ, ಸುಮ್ನೆ ಕುಂಟಿದೆ.

ಮುದುಕಿ ಕಾಲು ನೀವಿ ಸೊಪ್ಪು ಅರೆದು ಕಟ್ಟಿದಳು. ಹನ್ನೆರಡು ವರ್ಷ ಕಟ್ಟಿದಳು. ಯಾವ ಕಾಲು ಅನ್ನೋದು ಮರೆತು ಒಮ್ಮೊಮ್ಮೆ ಇನ್ನೊಂದು ಕುಂಟ್ತಿದ್ದೆ. ಪಾಪ, ನೋವು ಹರಡಿದೆ ಅಂತ ಎರಡಕ್ಕೂ ಕಟ್ಟಿದಳು. ನನ್ನ ಪಾಲಿನ ಬಂಡೆನೂ ಅಣ್ಣನೇ ಎಳೆದ. ಸಂಜೆ ಬಂದು ನನ್ನ ಕಾಲು ನೆಕ್ಕೋನು. ಆಗಲೂ ನಾನು ನಾಟಕ ಬಿಡಲಿಲ್ಲ. ಒಂದಿನ ಇಳಿಜಾರಲ್ಲೇ ಕುಸಿದು ಸತ್ತ. ನಾನು ಮುದಿಯಾಗಿ, ಕೊಬ್ಬಿ, ನೆರಳಲ್ಲಿ ಸತ್ತೆ. ಇಬ್ಬರ ಎಲುಬೂ ಒಂದೇ ಗುಂಡಿಗೆ ಬಿತ್ತು.

ಹೋದ ವರ್ಷ ಅಗೆದು ತೆಗೆದರು. ಹಳೇ ಎಲುಬು ಪರೀಕ್ಷೆ ಮಾಡೋ ವಸುಮತಿ ಮೇಡಂ ನಮ್ಮನ್ನ ಒಂದೇ ತಟ್ಟೆಯಲ್ಲಿಟ್ಟರು.

"ಇದು ಭಾರ ಎಳೆದಿದೆ. ಅಗಲ ಆಗಿ ಅಂಚೆಲ್ಲ ಗಂಟು." ನನ್ನನ್ನ ತಿರುಗಿಸಿದರು. "ಇದು ನುಣ್ಣಗಿದೆ. ರೋಗ ಇಲ್ಲ, ಏಟಿಲ್ಲ. ದುಡಿದೇ ಇಲ್ಲ."

ಭೂಮಿ ಬಾಯಿಬಿಟ್ಟು ನುಂಗಬಾರದಾ ಅನಿಸ್ತು. ಆದರೆ ಅಲ್ಲಿಂದಲೇ ತೆಗೆದಿದ್ದರು.

ಮೇಡಂ ನನ್ನ ಜೊತೆಗೇ ಸಿಕ್ಕಿದ್ದ ನನ್ನ ದವಡೆಯ ಸವೆದ ಹಲ್ಲು ನೋಡಿ, ಮಣ್ಣು ಜರಡಿ ಹಿಡಿಯೋ ಹುಲಿಗೆಮ್ಮನ್ನ ಕೇಳಿದರು: "ದುಡಿಯದ್ದನ್ನ ಇಷ್ಟು ಮುದಿಯಾಗೋ ತನಕ ಯಾಕಮ್ಮ ಸಾಕಿದ್ರು?"

"ಇಷ್ಟು ಓದೀರಿ, ಅಷ್ಟೂ ತಿಳೀವಲ್ದೇನ್ರಿ? ದೇವ್ರಿಗೆ ಬಿಟ್ಟ ಬಸವ ಅದು. ನಮ್ಮೂರಾಗೂ ಐತಿ. ಯಾರ ಹೊಲ ಮೇದ್ರೂ ಕೈ ಮುಗೀತೀವಿ." ಅಂದವಳೇ ಸೆರಗಿನ ಗಂಟು ಬಿಚ್ಚಿ ನನಗೆ ವಿಭೂತಿ ಹಚ್ಚಿಬಿಟ್ಟಳು.

"ಏ ಹುಲಿಗೆಮ್ಮಾ, ಎಲುಬು ಕೆಡ್ತದೆ ಕಣೇ!"

ಬೈದರೂ, ಈ ಜನ ಎತ್ತನ್ನ ಪೂಜಿಸ್ತಿದ್ದರು ಅಂತ ಮೇಡಂ ಬರೆದುಕೊಂಡರು.

ಎಷ್ಟು ಹಳೇದು ಅಂತ ತಿಳಿಯೋಕೆ ಒಂದು ಎಲುಬನ್ನ ಪುಡಿ ಮಾಡಬೇಕಿತ್ತು. ಮೇಡಂ ಕೈ ಮೊದಲು ನನ್ನ ಹತ್ತಿರವೇ ಬಂತು. "ಛೆ, ವಿಭೂತಿ ಅಂಟಿದ್ದು ಪರೀಕ್ಷೆಗೆ ನಡೆಯಲ್ಲ," ಅಂದು ಅಣ್ಣನ್ನ ಎತ್ತಿಕೊಂಡರು. ಅವನು ಪುಡಿಯಾಗಿ ಸೀಸೆಯಲ್ಲಿ ಹೋದ.

ಈಗ ನಾನು ಗಾಜಿನ ಪೆಟ್ಟಿಗೆಯಲ್ಲಿ ಹತ್ತಿ ಮೇಲೆ ಮಲಗಿದ್ದೀನಿ. 'ಪೂಜೆಯ ಎತ್ತು' ಅಂತ ಚೀಟಿ. ನೋಡೋಕೆ ಬಂದೋರು ಚಪ್ಪಲಿ ಬಿಟ್ಟು ನಿಲ್ತಾರೆ. ನೀವೂ ಬಂದರೆ, ನನ್ನ ಪಕ್ಕ ಒಂದು ಎಲುಬಿನಷ್ಟು ಜಾಗ ಖಾಲಿ ಇದೆ. ಕೈ ಮುಗಿಯೋದಾದ್ರೆ ಅಲ್ಲಿಗೆ ಮುಗೀರಿ.